ಕಾಣಿಕೆ ಡಬ್ಬಿಗಿಂತ ಮೊದಲು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ವಾಡಿಕೆ ಬೆಳೆದುಬಂದಿದೆ. ವೃದ್ಧರೊಬ್ಬರು ಹೃದಯಾಘಾತದಿಂದಲೋ ಸೊಂಟದ ಮೂಳೆ ಮುರಿದೋ ಬೆಂಗಳೂರಿನ ಖಾಸಗಿ ಆಸ್ಪತ್ರೆ ಸೇರುತ್ತಾರೆ. ಬಿಲ್ಲು ಏರುತ್ತದೆ. ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಪ್ರಕಟಣೆಯಾಗಿ, ದೇವಾಲಯದ ಬಾಗಿಲಲ್ಲಿ ಡಬ್ಬಿ ಹಿಡಿಯಲಾಗುತ್ತದೆ. ಕೂಡಿದ ಹಣ ತೀವ್ರನಿಗಾ ಘಟಕದ ಒಂದೆರಡು ದಿನಕ್ಕೂ ಸಾಲದು. ಇದನ್ನು ನಾವು ಕ್ರೈಸ್ತ ಪ್ರೀತಿ ಎನ್ನುತ್ತೇವೆ. ಪ್ರೀತಿಯ ಹೆಸರು ಹೊತ್ತ ಅಲಕ್ಷ್ಯ ಎಂದು ಕರೆಯುವುದೇ ಸರಿ.

ಏಕೆಂದರೆ ಆ ವೃದ್ಧರಲ್ಲಿ ಅನೇಕರಿಗೆ ಸರ್ಕಾರದ ನೆರವಿನ ಹಕ್ಕು ಮೊದಲೇ ಇತ್ತು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯು ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಮುಪ್ಪಿನವರಿಗೆ ಪೆಟ್ಟು ಬೀಳುವುದು ಇಲ್ಲಿಯೇ. ಪಟ್ಟಣದಲ್ಲಿ ದುಡಿಯುವ ಮಗ ಆದಾಯ ತೆರಿಗೆ ಕಟ್ಟಿದರೆ ಅದೇ ಚೀಟಿಯಲ್ಲಿ ಹೆಸರಿರುವ ತಾಯಿಯೂ ಎಪಿಎಲ್ ಆಗುತ್ತಾಳೆ. ಮಗನ ಸಂಬಳ ತಾಯಿಯ ಮಾತ್ರೆಯವರೆಗೆ ತಲುಪುತ್ತದೆಯೇ ಎಂದು ಯಾವ ಗಣಕಯಂತ್ರವೂ ಕೇಳುವುದಿಲ್ಲ. ಹಿರಿಯರ ಚಿಕಿತ್ಸೆಯನ್ನು ಅಕ್ಕಿಯ ಚೀಟಿಗೆ ಕಟ್ಟಿಹಾಕಿರುವುದು ಅನ್ಯಾಯ.

ಈ ಕೊರತೆಯನ್ನು ತುಂಬಬೇಕಾದ ಯೋಜನೆಯೊಂದು ಬಂದಿತು. 70 ವರ್ಷ ತುಂಬಿದ ಎಲ್ಲರಿಗೂ, ಆದಾಯ ನೋಡದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ರಕ್ಷಣೆ ನೀಡುವ ಆಯುಷ್ಮಾನ್ ವಯೋವಂದನ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ವಯಸ್ಸಿಗೆ ಆಧಾರ್ ಸಾಕು. ವೆಚ್ಚದಲ್ಲಿ ಕೇಂದ್ರದ ಪಾಲು ಶೇಕಡ 60, ರಾಜ್ಯದ್ದು 40. ಆದರೆ ಘೋಷಣೆಯಾದ ದಿನದಿಂದಲೇ ಅದು ನಮ್ಮ ರಾಜ್ಯದ ಹಿರಿಯರ ಕೈಗೆ ಬರಲಿಲ್ಲ. ದೆಹಲಿಯೂ ಬೆಂಗಳೂರೂ ಲೆಕ್ಕ ಮುಗಿಸುವವರೆಗೆ ಎಪ್ಪತ್ತು ದಾಟಿದ ಹೃದಯ ಕಾಯುತ್ತದೆಯೇ? ಆದುದರಿಂದ ಯಾವ ಕಾರ್ಡನ್ನು ಯಾವ ಆಸ್ಪತ್ರೆ ಒಪ್ಪುತ್ತದೆಂಬುದನ್ನು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಕಾಯಿಲೆ ಬೀಳುವ ಮೊದಲೇ ವಿಚಾರಿಸಿರಬೇಕು.

"ಸರ್ಕಾರದ ಕಾರ್ಡು ಎಲ್ಲಿಯೂ ನಡೆಯುವುದಿಲ್ಲ" ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಆರೋಗ್ಯ ಕರ್ನಾಟಕದ ನಿಯಮದಂತೆ, ತುರ್ತು ಸಂದರ್ಭ ಹೊರತು, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಪತ್ರವಿಲ್ಲದೆ ಹೋದವರಿಗೆ ಕಾರ್ಡು ನಡೆಯದಿರುವುದು ಸಹಜವೇ. ಹಾಗೆಂದು ನಿಯಮವನ್ನು ಹೊಗಳಲಾರೆ. ಹಾರೋಬೆಲೆಯ ಅಜ್ಜಿಯೊಬ್ಬರು ಕನಕಪುರಕ್ಕೆ ಬಂದು, ಪತ್ರಕ್ಕಾಗಿ ಕಾದು, ಮತ್ತೆ ಬೆಂಗಳೂರಿಗೆ ಹೋಗುವುದೆಂದರೆ ಜೊತೆಗೊಬ್ಬರ ಕೂಲಿಯೂ ಹೋಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾಯಿತು. ಆಸ್ಪತ್ರೆಯ ದಾರಿ ಮಾತ್ರ ಮೋಟಾಗಲಿಲ್ಲ. ಹೈನುಗಾರ ಕುಟುಂಬಗಳಿಗೆ ಇನ್ನೊಂದು ಬಾಗಿಲಿದೆ. 2022ರಲ್ಲಿ ಮರುಚಾಲನೆ ಪಡೆದ ಯಶಸ್ವಿನಿ ಯೋಜನೆಗೆ ಹಾಲಿನ ಸಂಘದಂತಹ ಸಹಕಾರ ಸಂಘಗಳ ಸದಸ್ಯರು ಸೇರಬಹುದು. ನಾಲ್ವರ ಗ್ರಾಮೀಣ ಕುಟುಂಬಕ್ಕೆ ಆಗ ಗೊತ್ತುಪಡಿಸಿದ ವಂತಿಗೆ ವರ್ಷಕ್ಕೆ 500 ರೂಪಾಯಿ. ನೋಂದಣಿಯ ಗಡುವು ತಪ್ಪಿಸಿಕೊಳ್ಳಬಾರದು, ಅಷ್ಟೆ.

ಬಲಿಪೀಠದ ಬಳಿ ನಿಂತು ಆಡುವ ಮಾತೇ ಇದು ಎಂದು ಕೆಲವರು ಕೇಳುತ್ತಾರೆ. ಅವರು ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯವನ್ನು ತೆರೆಯಲಿ. ತಂದೆತಾಯಿಗೆ ಸಲ್ಲಬೇಕಾದುದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಕೈತೊಳೆದುಕೊಂಡವರನ್ನು ಪ್ರಭು ಯೇಸು ಎಷ್ಟು ಕಟುವಾಗಿ ಖಂಡಿಸುತ್ತಾರೆ! ತೇರಿನ ಹಬ್ಬಕ್ಕೆ ದೀಪಾಲಂಕಾರ, ವೇಲಾಂಕಣ್ಣಿಗೆ ವಾಹನ, ಇವೆಲ್ಲಕ್ಕೂ ಸಮಯವಿರುವ ಮಗನಿಗೆ ತಾಯಿಯ ಆಧಾರನ್ನು ಕಾರ್ಡಿಗೆ ಜೋಡಿಸಲು ಅರ್ಧ ದಿನ ದೊರೆಯುವುದಿಲ್ಲವೆಂದರೆ, ಕೊರ್ಬಾನ್ ಎಂಬುದು ಇನ್ನೂ ಹಳೆಯ ಮಾತಾಗಿಲ್ಲ.

ಗುರುಗಳಾದ ನಮಗೂ ಇದರಲ್ಲಿ ಪಾಲಿದೆ. ನಮ್ಮ ಜನರಲ್ಲಿ ಯಾರಿಗೆ ಎಪ್ಪತ್ತು ತುಂಬಿತೆಂದು ಸರ್ಕಾರಕ್ಕಿಂತ ಮೊದಲು ತಿಳಿದಿರುವುದು ಜ್ಞಾನಸ್ನಾನದ ದಾಖಲೆ ಪುಸ್ತಕಕ್ಕೆ. ಅದು ನಮ್ಮದೇ ಕಪಾಟಿನಲ್ಲಿದೆ. ಪೋಪ್ ಫ್ರಾನ್ಸಿಸ್ 2021ರಲ್ಲಿ ಅಜ್ಜಅಜ್ಜಿಯರಿಗಾಗಿ ಆರಂಭಿಸಿದ ದಿನವನ್ನು ಜುಲೈ ನಾಲ್ಕನೆಯ ಭಾನುವಾರ ಆಚರಿಸುತ್ತೇವೆ; ಶಾಲು ಹೊದಿಸಿ, ಹೂ ಕೊಟ್ಟು, ಚಿತ್ರ ತೆಗೆದು ಕಳುಹಿಸುತ್ತೇವೆ. ಈ ಸಲ ಪಾಲನಾ ಪರಿಷತ್ತಿನವರು ದಾಖಲೆ ಪುಸ್ತಕದಿಂದ ಹೆಸರುಗಳ ಪಟ್ಟಿ ಮಾಡಲಿ, ಓದಿದ ಯುವಕ ಯುವತಿಯರು ಅಂದು ಪೂಜೆಯ ನಂತರ ಸಭಾಂಗಣದಲ್ಲಿ ಕುಳಿತು ಒಬ್ಬೊಬ್ಬರ ಪಡಿತರ ಚೀಟಿ, ಆಧಾರ್, ಹಳೆಯ ಕಾರ್ಡುಗಳನ್ನು ಪರಿಶೀಲಿಸಲಿ. ನಡೆಯಲಾರದವರ ಮನೆಗೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಅದೇ ವಾರ ಹೋಗಿಬರಲಿ.