ಪಿತ್ತವಲ್ಲ, ಮಾತ್ರೆಯೇ ಮುನಿದದ್ದು!

ಕಿರಾಣಿ ಅಂಗಡಿಯವರೊಬ್ಬರ ತಾಯಿಗೆ ಊಟ ಸೇರದು, ವಾಂತಿ, ಕಂಡದ್ದೆಲ್ಲ ಹಳದಿ. ‘ಪಿತ್ತ’ ಅಂದ್ರು, ನಿಂಬೆ ಶರಬತ್ತು ಕೊಟ್ರು. ನಾಲ್ಕನೇ ದಿನ ತಾಯಿ ಇಲ್ಲ!

ಆಕೆ ನುಂಗುತ್ತಿದ್ದದ್ದು ಹೃದಯದ ಮಾತ್ರೆ ಡಿಗಾಕ್ಸಿನ್. ಇದೇ ಜಾತಿಯ ಗಿಡಮದ್ದು ಹೆಚ್ಚಾದರೆ ವಾಂತಿ, ಹಳದಿ ನೋಟ ಬರುತ್ತದೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಬರೆದಿದ್ದ. ಮುಪ್ಪಿನಲ್ಲಿ ಮೂತ್ರಪಿಂಡ ಸೋತರೆ ಮದ್ದು ಮೈಯಲ್ಲೇ ಉಳಿದು ವಿಷವಾಗುತ್ತದೆ. ಅದಕ್ಕೇ ಆಗಾಗ ರಕ್ತಪರೀಕ್ಷೆ ಬೇಕು. ಇಲ್ಲಿ ಪರೀಕ್ಷೆಯೂ ಇಲ್ಲ, ಡಾಕ್ಟರ ಭೇಟಿಯೂ ಇಲ್ಲ. ವರ್ಷಗಟ್ಟಲೆ ಅದೇ ಹಳೇ ಚೀಟಿ, ಅದೇ ಮಾತ್ರೆ.

ಮಾತ್ರೆ ಕೆಟ್ಟದ್ದಲ್ಲ, ತಾವಾಗಿ ಯಾರೂ ಬಿಡಬಾರದು. ಆದರೆ ಔಷಧಿ ಅಂಗಡಿಯವರು ‘ಡಾಕ್ಟ್ರು ಕೊನೇ ಸಲ ಯಾವಾಗ ನೋಡಿದ್ರು?’ ಅಂತ ಕೇಳಬಾರದೆ? ಆ ಒಂದು ಮಾತಿಗೆ ಕಾಸು ಖರ್ಚಿಲ್ಲ!