ತೆನೆ ಎನ್ನಲು ಬಾರದವರು

ಕಳೆದ ತಿಂಗಳು ಪಾಲಕರ ಸಭೆ ಮುಗಿದ ಮೇಲೆ ತಂದೆಯೊಬ್ಬರು ನನ್ನನ್ನು ಬದಿಗೆ ಕರೆದು, ಮಗಳನ್ನು ಐದನೆಯ ಇಯತ್ತೆಗೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವುದಾಗಿ ಹೇಳಿದರು. ನೆಂಟರ ಮದುವೆಯಲ್ಲಿ ಹುಡುಗಿ 'ಇಂಗ್ಲಿಸ್' ಎಂದಳಂತೆ, ಜೊತೆಯ ಮಕ್ಕಳು ನಕ್ಕರಂತೆ. "ನಮ್ಮ ಸಾಲ್ಯಾಗ ಕಲಿತ್ರ ನಾಲಿಗಿನ ಹೊಳ್ಳೂದಿಲ್ರೀ ಸರ" ಎಂದರು.

ಆಗ ನೆನಪಾದದ್ದು ಇಂಗ್ಲಿಷಿನ ಒಂದು ಅಪರೂಪದ ಶಬ್ದ: ಶಿಬ್ಬೊಲೆತ್. ಮೂಲತಃ ಅದು ಹೀಬ್ರೂ ಶಬ್ದ. ಅರ್ಥ ಸಾದಾ, ಕಾಳಿನ ತೆನೆ. ಹರಿಯುವ ನೀರು ಎಂಬ ಅರ್ಥವೂ ಉಂಟು. ಅದು ಇಂಗ್ಲಿಷಿಗೆ ಬಂದದ್ದು ಬೈಬಲಿನಿಂದ. ನ್ಯಾಯಸ್ಥಾಪಕರು ಎಂಬ ಭಾಗದ 12ನೆಯ ಅಧ್ಯಾಯದಲ್ಲಿ ಗಿಲ್ಯಾದಿನವರಿಗೂ ಎಫ್ರಾಯೀಮ್ ಕುಲದವರಿಗೂ ಕಾಳಗವಾಗುತ್ತದೆ. ಇಬ್ಬರೂ ಇಸ್ರಾಯೇಲರೇ. ಸೋತ ಎಫ್ರಾಯೀಮ್ಯರು ಊರಿಗೆ ಮರಳಲು ಜೋರ್ಡಾನ್ ಹೊಳೆ ದಾಟಬೇಕು. ದಾಟುವ ಜಾಗದಲ್ಲಿ ಗಿಲ್ಯಾದಿನವರ ಕಾವಲು. ಬಂದವನು ತಾನು ಎಫ್ರಾಯೀಮ್ಯನಲ್ಲ ಎಂದರೆ, 'ಹಾಗಾದರೆ ಶಿಬ್ಬೊಲೆತ್ ಅನ್ನು' ಎನ್ನುತ್ತಿದ್ದರು. ಅವರ ನಾಲಿಗೆಗೆ ಶಕಾರ ಬಾರದು. 'ಸಿಬ್ಬೊಲೆತ್' ಎಂದವನನ್ನು ಅಲ್ಲೇ ಕೊಂದರು. ಸತ್ತವರು 42,000 ಎಂದು ಅಲ್ಲಿ ಬರೆದಿದೆ.

ನಮ್ಮವನೋ ಹೊರಗಿನವನೋ ಎಂದು ಪತ್ತೆ ಹಚ್ಚುವ ನುಡಿಗೂ ನಡವಳಿಕೆಗೂ ಇಂಗ್ಲಿಷಿನವರು ಇಂದು ಈ ಶಬ್ದವನ್ನು ಬಳಸುತ್ತಾರೆ. ಸವೆದುಹೋದ ಘೋಷಣೆಗೂ ಅದೇ ಹೆಸರು.

ಅಲ್ಲಿ ಜೀವ ತೆಗೆದ ಈ ಶ-ಸ ಭೇದವನ್ನು ಕನ್ನಡ ಹೇಗೆ ನಡೆಸಿಕೊಂಡಿತು ನೋಡಿ. ಆಕಾಶ ಆಗಸವಾಯಿತು, ದಿಶೆ ದೆಸೆಯಾಯಿತು, ಶಶಿ ಸಸಿಯಾಯಿತು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಡುಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟು ಸೂತ್ರ ಬರೆದ. ಆ ತಂದೆಯ ಬಾಯಲ್ಲಿ ಬಂದ 'ಸಾಲಿ'ಯೂ ಇದೇ ದಾರಿಯದು.

ಉಚ್ಚಾರ ಕಲಿಸುವುದೇ ಬೇಡ ಎನ್ನುತ್ತಿಲ್ಲ. ಇಂಗ್ಲಿಷಿನಲ್ಲಿ ಶಿಪ್ ಎಂದರೆ ಹಡಗು, ಸಿಪ್ ಎಂದರೆ ಗುಟುಕು. ಮಗು ಎರಡನ್ನೂ ಬೇರೆಬೇರೆಯಾಗಿ ಕೇಳಿಸಿಕೊಳ್ಳಬೇಕು, ಆಡಬೇಕು. ಅದು ಕಿವಿಯ ಅಭ್ಯಾಸ. ಅಷ್ಟಕ್ಕೇ ಮಾಧ್ಯಮ ಬದಲಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಗಡಿಯಾಚೆಗಿನ ನಮಗೆ ಇದರಲ್ಲಿ ಇನ್ನೂ ಒಂದು ನಷ್ಟವಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿ ಹೇಳುತ್ತದೆ. ಆದರೆ ಹಾಜರಿ ಪಟದಲ್ಲಿ ಹೆಸರುಗಳು ಕಡಿಮೆಯಾದಂತೆ ಶಿಕ್ಷಕರ ಹುದ್ದೆ ಕೇಳುವ ನಮ್ಮ ದನಿಯೂ ಇಳಿಯುತ್ತದೆ.

ನಮ್ಮವರ ತಪ್ಪನ್ನೂ ಹೇಳಬೇಕು. ಹಾಲಿಗೆ 'ಆಲು' ಎಂದ ಹುಡುಗನನ್ನು ತರಗತಿಯ ಮುಂದೆ ನಿಲ್ಲಿಸಿ ನಗಿಸುವ ಕನ್ನಡ ಗುರುಗಳೂ ಆ ಹೊಳೆಯ ಕಾವಲಿನವರೇ.

ಇದನ್ನೆಲ್ಲ ಹೇಳಿದಾಗ ಆ ತಂದೆ ನಕ್ಕು, "ಜೂನದಾಗ ನೋಡೂಣ್ರಿ" ಎಂದರು. ಊಟದ ಬಿಡುವಿನಲ್ಲಿ ದಿನಾ ಹತ್ತು ನಿಮಿಷ ಆ ಹುಡುಗಿಯಿಂದ ಇಂಗ್ಲಿಷ್ ಗಟ್ಟಿಯಾಗಿ ಓದಿಸಲು ನಮ್ಮ ಅಕ್ಕೋರು ಒಪ್ಪಿದ್ದಾರೆ.