ಅಜ್ಜಿ ಕೈ ಮುಗಿದ ಲೋಕೇಶ್ವರ

ಕಳೆದ ರಜೆಯಲ್ಲಿ ನ್ಯಾಮತಿಯಿಂದ ಧರ್ಮಸ್ಥಳಕ್ಕೆ ಹೊರಟ ನಮ್ಮ ಮನೆಯವರು ಮಂಗಳೂರಿನ ಕದ್ರಿಗೂ ಹೋದೆವು. ಧರ್ಮಸ್ಥಳದ ಮಂಜುನಾಥ ಕದ್ರಿಯಿಂದಲೇ ಬಂದವನು ಎಂಬ ಪ್ರತೀತಿ ಇದೆಯಲ್ಲ, ‘ಮೂಲ ನೋಡ್ದೆ ವಾಪಸ್ ಹೋಗೋದು ಹೆಂಗೆ’ ಎಂದು ಅಜ್ಜಿಯ ಹಟ. ಮಂಜುನಾಥನ ದರ್ಶನ ಮುಗಿಸಿ ಬರುವಾಗ ಅಜ್ಜಿ ಒಂದು ದೊಡ್ಡ ಕಂಚಿನ ವಿಗ್ರಹದ ಮುಂದೆ ನಿಂತರು. ಮೂರು ಮುಖ, ಆರು ಕೈ, ಪದ್ಮಾಸನ. ‘ದತ್ತಾತ್ರೇಯ ಕಣೋ ತಮ್ಮಾ’ ಎಂದು ಕೈ ಮುಗಿದು, ಕೆನ್ನೆ ಬಡಿದುಕೊಂಡರು. ನಾನೂ ಕೈ ಮುಗಿದೆ.

ಹಾಸ್ಟೆಲ್‌ಗೆ ಮರಳಿ ಇದನ್ನು ಹೇಳಿದಾಗ ಜಗಳೂರು ಕಡೆಯ ಗೆಳೆಯ ನಗಲಿಲ್ಲ. ‘ದತ್ತಾತ್ರೇಯ ಅಲ್ಲ ಕಣೋ, ಲೋಕೇಶ್ವರ. ನಮ್ಮ ಬುದ್ಧನ ಕಡೆಯವನು’ ಅಂದ. ಅವನ ಮನೆಯವರು ಅಂಬೇಡ್ಕರ್ ದಾರಿಯಲ್ಲಿ ಬೌದ್ಧರಾದವರು. ಆಮೇಲೆ ಓದಿ ನೋಡಿದೆ. ಅವನು ಹೇಳಿದ್ದು ಸರಿ. ಆಳುಪ ಅರಸ ಕುಂದವರ್ಮ ಕದರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದನೆಂದು ಪೀಠದ ಮೇಲಿನ ಸಂಸ್ಕೃತ ಶಾಸನವೇ ಹೇಳುತ್ತದೆ. ಕಾಲ ಕ್ರಿ.ಶ. 968. ಲೋಕದ ನೋವನ್ನು ಕಂಡು ಕರಗುವ ಅವಲೋಕಿತೇಶ್ವರ ಬೋಧಿಸತ್ವ ಇವನೇ. ದಕ್ಷಿಣ ಭಾರತದ ಅತ್ಯುತ್ತಮ ಕಂಚಿನ ವಿಗ್ರಹಗಳಲ್ಲಿ ಇದೂ ಒಂದು ಎನ್ನುತ್ತಾರೆ ಕಲಾ ಇತಿಹಾಸಕಾರರು. ನಾನು ಅದರ ಮುಂದೆ ನಿಂತದ್ದು ಬಹುಶಃ ಅರ್ಧ ನಿಮಿಷ.

ಅಲ್ಲಿಂದ ಶುರುವಾಯಿತು ರೂಮಿನಲ್ಲಿ ವಾದ. ಚನ್ನಗಿರಿಯ ಇನ್ನೊಬ್ಬ ಗೆಳೆಯನ ಪ್ರಕಾರ ಅಂಥ ಕಲಾಕೃತಿ ಮ್ಯೂಸಿಯಂನಲ್ಲಿ ಇರಬೇಕು. ಎಣ್ಣೆ, ಹೂವು, ಹೊಗೆ ಯಾವುದೂ ತಾಗಬಾರದು, ನಾಲ್ಕೂ ಕಡೆಯಿಂದ ನೋಡುವಂತಿರಬೇಕು. ನಾನು ಮೆಕ್ಯಾನಿಕಲ್ ಓದುವವನು, ಅವನ ಮಾತು ನನಗೂ ಅರ್ಥವಾಗುತ್ತದೆ. ಮೇಣದಲ್ಲಿ ರೂಪ ತಿದ್ದಿ, ಮೇಲೆ ಮಣ್ಣು ಮೆತ್ತಿ, ಬಿಸಿ ಮಾಡಿ ಮೇಣ ಇಳಿಸಿ, ಆ ಜಾಗಕ್ಕೆ ಕರಗಿದ ಲೋಹ ಹೊಯ್ಯುವುದು ನಮ್ಮ ನಾಡಿನ ಎರಕದ ಹಳೆಯ ಪದ್ಧತಿ. ಮೇಣ ಹೋಯಿತು, ಅಚ್ಚನ್ನೂ ಒಡೆದಾಯಿತು, ಹಾಗಾಗಿ ಎರಡನೇ ಪ್ರತಿ ಇಲ್ಲ. ಲ್ಯಾಬ್‌ನಲ್ಲಿ ಒಂದು ಸಣ್ಣ ಎರಕ ಹೊಯ್ದು ಅದರಲ್ಲಿ ಗಾಳಿಗುಳ್ಳೆ ಕಂಡು ಮುಖ ಚಿಕ್ಕದು ಮಾಡಿಕೊಂಡವರಿಗೆ ಆರು ಕೈಗಳ ಆ ಕೆಲಸ ಏನೆಂದು ಗೊತ್ತಾಗುತ್ತದೆ.

ಆದರೂ ಮ್ಯೂಸಿಯಂ ಮಾತು ನಾನು ಒಪ್ಪುವುದಿಲ್ಲ. ನಮ್ಮ ಹೊನ್ನಾಳಿಯಿಂದ ಶಿಕಾರಿಪುರ ದಾಟಿದರೆ ಸಿಗುವ ಬಳ್ಳಿಗಾವಿಯನ್ನೇ ನೋಡಿ. 1065ರಲ್ಲಿ ರೂಪಭಟ್ಟಯ್ಯ ಎಂಬ ಅಧಿಕಾರಿ ಅಲ್ಲಿ ಬೌದ್ಧ ವಿಹಾರ ಕಟ್ಟಿಸಿ, ತಾರಾ ಭಗವತಿ, ಕೇಶವ, ಲೋಕೇಶ್ವರ, ಬುದ್ಧ ಇಷ್ಟೂ ದೇವರ ಪೂಜೆಗೆ ದತ್ತಿ ಬಿಟ್ಟಿದ್ದ. ಇವತ್ತು ಅಲ್ಲಿ ಕೇದಾರೇಶ್ವರ, ತ್ರಿಪುರಾಂತಕ ನೋಡಲು ಹೋಗುತ್ತೇವೆ. ವಿಹಾರದ ನೆನಪು ಯಾರಿಗಿದೆ? ಪೂಜೆ ನಿಂತ ಕಡೆ ದೇವರ ಜತೆ ಕಲೆಯೂ ಹೋಯಿತು. ಕದ್ರಿಯ ಲೋಕೇಶ್ವರ ಉಳಿದದ್ದು ಅವನ ಮುಂದೆ ಸಾವಿರ ವರ್ಷ ಯಾರೋ ದೀಪ ಹಚ್ಚುತ್ತಾ ಬಂದದ್ದರಿಂದ, ನಮ್ಮಜ್ಜಿಯಂಥವರು ಹೆಸರು ತಪ್ಪಿಯಾದರೂ ಕೈ ಮುಗಿದದ್ದರಿಂದ.

ಇದನ್ನೇ ಜಗಳೂರಿನವನಿಗೆ ಹೇಳಿ, ‘ಎಲ್ಲಾ ದೇವರೂ ಒಂದೇ ಬಿಡೋ’ ಎಂದೂ ಸೇರಿಸಿದೆ. ಅವನು ಕೊಟ್ಟ ಉತ್ತರ ಇನ್ನೂ ಚುಚ್ಚುತ್ತಿದೆ. ‘ಹೆಸರು ಉಳಿದವರು ಹಂಗೆ ಅಂತಾರೆ. ನಿಮ್ಮ ದೇವರನ್ನ ಬೇರೆ ಹೆಸರಲ್ಲಿ ಕರೆದ್ರೆ ಸುಮ್ನಿರ್ತೀಯಾ?’

ಇರುವುದಿಲ್ಲ. ಅದಕ್ಕೇ ನನ್ನ ಅಭಿಪ್ರಾಯ ಬದಲಾಯಿತು. ವಿಗ್ರಹ ಇರುವಲ್ಲೇ ಇರಲಿ, ಪೂಜೆಯೂ ನಡೆಯಲಿ, ಆದರೆ ಹೆಸರು ಹೇಳುವ ಜವಾಬ್ದಾರಿ ಹೋಗಿ ಬಂದ ನಮ್ಮೆಲ್ಲರ ಮೇಲಿದೆ. ಕುಂದವರ್ಮ ಸ್ವತಃ ಶಿವಭಕ್ತ. ಶಿವನ ಪಾದಕಮಲದ ದುಂಬಿ ಎಂದು ಅದೇ ಶಾಸನ ಅವನನ್ನು ಕರೆಯುತ್ತದೆ. ಹಾಗಿದ್ದೂ ಲೋಕೇಶ್ವರನನ್ನು ಲೋಕೇಶ್ವರ ಎಂದೇ ಬರೆಸಿದ, ವಿಹಾರವನ್ನು ವಿಹಾರ ಎಂದೇ ಬರೆಸಿದ. ಅವನಿಗೆ ಆದದ್ದು ನಮಗೇಕೆ ಕಷ್ಟ? ರೀಲ್ಸ್‌ನಲ್ಲಿ ಕದ್ರಿಯ ಕೆರೆ ಹಾಕುವವರು ಈ ಒಂದು ಸಾಲು ಸೇರಿಸಿದರೂ ಸಾಕು.

ಊರಿಗೆ ಹೋದಾಗ ಅಜ್ಜಿಗೆ ಹೇಳಿದೆ. ಬೇಜಾರಾಗಬಹುದು ಎಂದು ಹೆದರಿದ್ದೆ. ಅಜ್ಜಿ ಹೂವು ಕಟ್ಟುವುದು ನಿಲ್ಲಿಸಿ, ‘ಹಂಗಾದ್ರೆ ಅವನ ಹತ್ರ ಏನಂತ ಬೇಡ್ಕೋಬೇಕು?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಲ್ಲೇ ಗೆಳೆಯನಿಗೆ ಫೋನ್ ಮಾಡಿ ಅಜ್ಜಿಯ ಕೈಗೆ ಕೊಟ್ಟೆ. ಇಪ್ಪತ್ತು ನಿಮಿಷ ಮಾತಾಡಿದರು. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಮೂವರೂ ಕದ್ರಿಗೆ ಹೋಗುವುದೆಂದು ಅವರಿಬ್ಬರೇ ತೀರ್ಮಾನ ಮಾಡಿಬಿಟ್ಟಿದ್ದಾರೆ.